ಬಾಣಲೆ ಬಿಡದವಳು

“ಈ ನಿಪ್ಪಟ್ಟು ಮಾಡಿದೋರು ಯಾರ್ರೀ? ಹೊರಗೆ ಬರ್ರಿ!”

ಗುಡುಗಿದಂಥ ದನಿಗೆ ಚಂದ್ರಕ್ಕನ ಕೈಯಲ್ಲಿದ್ದ ಜಾಲರಿ ಸೌಟು ಜಾರಿ ಬಾಣಲೆಗೆ ಬಿತ್ತು. ಎಣ್ಣೆ ಸಿಡಿದು ಮೊಣಕೈ ಚುರ್ ಎಂದಿತು.

ತಿರುಗಿ ನೋಡಿದಳು. ಖಾಕಿ ಅಂಗಿ, ಹೆಗಲಲ್ಲಿ ಚರ್ಮದ ಚೀಲ, ಕಿವಿಯ ಮೇಲೊಂದು ಪೆನ್ಸಿಲ್ಲು. ಬಸ್ಸಿನ ಕಂಡಕ್ಟರು! ಹೇಳದೆ ಕೇಳದೆ ಅಡುಗೆಮನೆಯ ಹೊಸ್ತಿಲವರೆಗೂ ಬಂದು ನಿಂತಿದ್ದಾನೆ!

“ರೀ, ಬಾಣಲೆ ಇಟ್ಟಾಗ ಹೊರಗಿನೋರು ಇಣುಕಬಾರದು ಅನ್ನೋದು ಗೊತ್ತಿಲ್ವಾ? ಕಣ್ಣು ಬಿದ್ರೆ ಎಣ್ಣೆ ಕುಡೀತಾವೆ. ಆಚೆ ನಿಂತ್ಕಳ್ರಿ!”

“ಎಣ್ಣೆ ಕುಡೀಲಿ ಬಿಡ್ರೀ! ಅಲ್ಲಿ ನನ್ನ ಬಸ್ಸಲ್ಲಿ ಒಬ್ಬ ತಾತ ರಕ್ತ ಉಗೀತಾ ಕುಂತವ್ನೆ!”

ಅವನು ಅಂಗೈ ಚಾಚಿದ. ಅರ್ಧ ಕಚ್ಚಿದ ನಿಪ್ಪಟ್ಟು. ಅದರ ನಡುವೆ ಜೋಳದ ಕಾಳಿನಷ್ಟು ಕಲ್ಲು.

ಚಂದ್ರಕ್ಕ ಅದನ್ನು ಕೈಗೆ ತೆಗೆದುಕೊಂಡಳು. ‘ನನ್ನದಲ್ಲ ಅಂದುಬಿಡಲೇ? ಹಿರಿಯೂರಿನಲ್ಲಿ ನಿಪ್ಪಟ್ಟು ಮಾಡುವವರು ಇನ್ನೂ ಮೂರು ಮನೆಯವರಿದ್ದಾರೆ...’ ಆದರೆ ಅದರ ಅಂಚಿನಲ್ಲಿ ಒತ್ತಿದ ಬೆರಳ ಗುರುತು ಅವಳದೇ. ತನ್ನ ಕೈ ತನಗೆ ಗೊತ್ತಾಗುವುದಿಲ್ಲವೇ?

“ನಂದೇ,” ಎಂದಳು. “ಎಳ್ಳಲ್ಲಿ ಬಂದಿರೋ ಕಲ್ಲು. ಕೇರಿದ್ದು ಸಾಲ್ದು.”

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಕಂಡಕ್ಟರು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಚಂದ್ರಕ್ಕ ಬಾಣಲೆ ಕೆಳಗಿಳಿಸಿದಳು. ಬೆಳಗಿನಿಂದ ಕರಿದಿಟ್ಟಿದ್ದ ಇನ್ನೂರು ನಿಪ್ಪಟ್ಟಿನ ಕುಕ್ಕೆ ಎತ್ತಿಕೊಂಡು ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದೇಬಿಟ್ಟಳು!

“ಅಯ್ಯೋ, ಹುಚ್ಚು ಹಿಡೀತೇನೇ!” ಅವಳ ತಾಯಿ ಬರಗೇರಮ್ಮ ಓಡಿ ಬಂದಳು. “ಒಂದ್ರಲ್ಲಿ ಕಲ್ಲಿದ್ರೆ ಎಲ್ಲಾದ್ರಲ್ಲೂ ಇರ್ತಾವಾ?”

“ಯಾವುದ್ರಲ್ಲಿ ಐತೆ ಅಂತ ನಂಗೆ ಗೊತ್ತಾ ಅವ್ವಾ?”

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ಹಿಂದೆ ಕಂಡಕ್ಟರು. ಬಸ್ಸು ಹತ್ತಿ ತಾತನ ಮುಂದೆ ಕೈಮುಗಿದು ನಿಂತಳು.

“ತಪ್ಪಾಯ್ತು ತಾತ.”

“ಹೋಗ್ಲಿ ಬಿಡವ್ವ. ಹೆಂಗೂ ಅಲ್ಲಾಡ್ತಿದ್ದ ಹಲ್ಲು, ಇವತ್ತೋ ನಾಳೆನೋ ಹೋಗೋದು. ಆದ್ರೆ ರುಚಿ ಚೆನ್ನಾಗಿತ್ತು. ಕಲ್ಲಿಲ್ದಿರೋವು ಇದ್ರೆ ಎರಡು ಕೊಡು.”

ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಮಾತ್ರ ನಗಲಿಲ್ಲ. ರೈಟ್ ಹೇಳುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದ.

ಅದು ಎಪ್ಪತ್ತೈದನೇ ಇಸವಿ. ಚಂದ್ರಕ್ಕನ ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ತಿಥಿಯ ಮಾರನೆಯ ದಿನವೇ ನೆಂಟರು ಕೂತು ತೀರ್ಮಾನ ಮಾಡಿದ್ದರು. ತಾಯಿ ಒಬ್ಬರ ಮನೆಗೆ, ಮಗಳು ಇನ್ನೊಬ್ಬರ ಮನೆಗೆ. ಹೆಸರಿಗೆ ನೆಂಟಸ್ತಿಕೆ, ಮಾಡುವುದು ಕಸ ಮುಸುರೆ!

“ನಾವು ಎಲ್ಲಿಗೂ ಬರಲ್ಲ,” ಎಂದಿದ್ದಳು ಇಪ್ಪತ್ತೆರಡರ ಚಂದ್ರಕ್ಕ. ಅಂದೇ ಒಲೆ ಹೂಡಿ ಬಾಣಲೆ ಇಟ್ಟಳು. ಬೆಳಿಗ್ಗೆ ನಿಪ್ಪಟ್ಟು, ಕೋಡುಬಳೆ. ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ತಾಯಿ ತಟ್ಟುವಳು, ಮಗಳು ಕರಿಯುವಳು. ಆ ಬಾಣಲೆಯೇ ಇಬ್ಬರನ್ನೂ ಒಂದೇ ಸೂರಿನ ಕೆಳಗೆ ಉಳಿಸಿತ್ತು. ಏನೇ ಬರಲಿ, ಅದನ್ನು ಬಿಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಮಾರನೆಯ ದಿನ ಕಂಡಕ್ಟರು ಮತ್ತೆ ಬಂದ. ಈ ಸಲ ಬೀದಿಯಲ್ಲೇ ನಿಂತು ಕೆಮ್ಮಿದ.

“ನನ್ನ ಹೆಸರು ಮೂರ್ತಪ್ಪ. ತಾಳ್ಯದೋನು. ನಮ್ಮ ಬಸ್ಸು ಹೊಸದುರ್ಗ, ಹೊಳಲ್ಕೆರೆಗೆ ದಿನಾ ಹೋಗ್ತದೆ. ಡಬ್ಬದಲ್ಲಿ ತುಂಬಿಕೊಟ್ರೆ ಅಲ್ಲಿ ಅಂಗಡಿಗಳಿಗೆ ಇಳಿಸ್ತೀನಿ.”

“ನಿನ್ನೆ ಬೈದೋರಿಗೆ ಇವತ್ತೇನು ಇಷ್ಟು ಉಪಕಾರ?”

“ಇನ್ನೂರು ನಿಪ್ಪಟ್ಟು ಎಮ್ಮೆಗೆ ಹಾಕೋ ವ್ಯಾಪಾರದೋರನ್ನ ನಾನು ಇದುವರೆಗೂ ನೋಡಿರ್ಲಿಲ್ರೀ!”

ಚಂದ್ರಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಒಂದು ಡಬ್ಬ ಮೂರಾಯಿತು. ಮೂರು ಆರಾಯಿತು. ದಿನಾ ಏಳೂವರೆಗೆ ಅವನು ಬರುವನು. ಹಿಂದಿನ ದಿನದ ಖಾಲಿ ಡಬ್ಬದ ಜೊತೆ ಸುದ್ದಿಯೂ ಬರುವುದು. ‘ಹೊಸದುರ್ಗದೋರಿಗೆ ಖಾರ ಇನ್ನಷ್ಟು ಬೇಕಂತೆ’, ‘ಹೊಳಲ್ಕೆರೆ ಮೇಷ್ಟರು ಕೋಡುಬಳೆ ಹೊಗಳಿದ್ರು’... ಏಳು ಇಪ್ಪತ್ತಕ್ಕೇ ಅವಳ ಕಿವಿ ಬೀದಿಯ ಕಡೆಗೆ ತಿರುಗಿರುತ್ತಿತ್ತು.

“ಹೆಸರಲ್ಲೇ ಅಕ್ಕ ಅಂತ ಇಟ್ಕಂಡಿದೀರಿ. ನಾನು ಹೆಂಗೆ ಕರೀಲಿ?” ಎಂದ ಒಂದು ದಿನ.

“ಯಾಕೆ, ಅಕ್ಕ ಅನ್ನೋಕೇನು ಕಷ್ಟ?”

“ಕಷ್ಟ ಐತೆ,” ಎಂದ ಮೂರ್ತಪ್ಪ, ಡಬ್ಬ ನೋಡುತ್ತಾ.

ಆ ದಿನ ಚಂದ್ರಕ್ಕ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು!

ಆರು ತಿಂಗಳು ಕಳೆದವು. ಒಂದು ಬೆಳಿಗ್ಗೆ ಸೌದೆ ಹಸಿಯಾಗಿ ಮನೆತುಂಬ ಹೊಗೆ. ಚಂದ್ರಕ್ಕ ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. ಅವಳ ಕೆಂಪಾದ ಕಣ್ಣು ಕಂಡದ್ದೇ ಮೂರ್ತಪ್ಪನ ಮುಖ ಕಪ್ಪಿಟ್ಟಿತು.

“ಚಂದ್ರಾ... ನನ್ನ ಮದುವೆ ಆಗ್ತೀಯಾ?”

ಅವಳು ಕೇಳಬೇಕೆಂದು ಎಷ್ಟು ದಿನದಿಂದ ಕಾದಿದ್ದ ಮಾತು!

“ನಮ್ಮ ಮನೆಗೆ ಬಾ. ಈ ಬಾಣಲೆ, ಒಲೆ ಯಾವುದನ್ನೂ ನೀನು ಮುಟ್ಟೋ ಹಂಗಿಲ್ಲ. ದೇವರಾಣೆ, ಮುಟ್ಟಿಸಲ್ಲ. ಇದೆಲ್ಲ ಇವತ್ತಿಗೇ ಸಾಕು.”

ಅರಳಿದ ಮನಸ್ಸು ಅಲ್ಲೇ ಮುದುಡಿತು. ‘ಇದೆಲ್ಲ... ಸಾಕು? ಓ! ನಿಪ್ಪಟ್ಟು ಮಾರುವವಳು ಹೆಂಡತಿ ಅಂದರೆ ಇವನಿಗೆ ನಾಚಿಕೆಯೇ?’

“ನನ್ನ ಬಾಣಲೆ ಬೇಡದೋರಿಗೆ ನಾನೂ ಬೇಡ,” ಎಂದಳು. “ಡಬ್ಬ ಅಲ್ಲೇ ಇಡ್ರಿ. ನಾಳೆಯಿಂದ ನಾನೇ ತಗಂಡು ಹೋಗ್ತೀನಿ.”

“ಚಂದ್ರಾ, ನಾನು ಹೇಳಿದ್ದು...”

ಬಾಗಿಲು ಮುಚ್ಚಿತ್ತು.

“ಒಳ್ಳೆ ಹುಡುಗ ಕಣೇ,” ಬರಗೇರಮ್ಮ ಗೋಳಾಡಿದಳು. “ತಿಂಗಳ ಸಂಬಳ! ಬಾಣಲೆ ಏನು ತಾಳಿ ಕಟ್ತದಾ?”

“ತಾಳಿ ಕಟ್ಟಲ್ಲ. ಆದ್ರೆ ಇದುವರೆಗೂ ಅನ್ನ ಹಾಕಿದ್ದು ಅದೇ ಅಲ್ವಾ ಅವ್ವಾ?”

ಮಾರನೆಯ ದಿನ ತಲೆಯ ಮೇಲೊಂದು, ಕಂಕುಳಲ್ಲೊಂದು ಡಬ್ಬ ಹೊತ್ತು ಅವಳು ಅದೇ ಬಸ್ಸು ಹತ್ತಿದಳು. ಆ ಹೊತ್ತಿಗೆ ಇದ್ದದ್ದು ಅದೊಂದೇ ಬಸ್ಸು!

“ಎಲ್ಲಿಗೆ?” ಮೂರ್ತಪ್ಪ ಅವಳ ಮುಖ ನೋಡದೆ ಕೇಳಿದ.

“ಹೊಸದುರ್ಗ. ಒಂದು ಟಿಕೆಟ್. ಡಬ್ಬಕ್ಕೂ ಲಗೇಜ್ ಹರೀರಿ.”

“ಡಬ್ಬಕ್ಕೆ ಬೇಡ...”

“ಹರೀರಿ ಅಂದೆ!”

ಹರಿದ. ಮೂರು ವಾರ ದಿನಾ ಹರಿದ. ಅವಳು ಕಿಟಕಿಯಾಚೆ ನೋಡುವಳು, ಅವನು ಅವಳ ಹೆರಳು ನೋಡುವನು. ತಟ್ಟುವುದು, ಕರಿಯುವುದು, ಹೊರುವುದು... ಚಂದ್ರಕ್ಕನ ಹೆಗಲು ಕಿತ್ತು ಹೋಗುತ್ತಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಅಳು ಬಂದರೆ ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು.

ಒಂದು ಭಾನುವಾರ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಗೋಡೆ ಸವರುತ್ತಾ ಒಬ್ಬ ಮುದುಕಿ ಒಳಗೆ ಬಂದಳು. ಕಣ್ಣಿನಲ್ಲಿ ಬಿಳಿ ಪೊರೆ. ಹಿಂದೆ, ಬೀದಿಯಲ್ಲೇ, ತಲೆ ತಗ್ಗಿಸಿ ನಿಂತ ಮೂರ್ತಪ್ಪ.

“ನಾನು ಇವನ ತಾಯಿ, ಜುಂಜಮ್ಮ. ನೀನೇನಾ ಚಂದ್ರಕ್ಕ?”

“ಹೂಂ ಅವ್ವಾ. ಬರ್ರಿ, ಕುಂತ್ಕಳ್ರಿ.”

“ಕೈ ಕೊಡು.” ಮುದುಕಿ ಅವಳ ಅಂಗೈ ಹಿಡಿದು ಬೆರಳ ತುದಿ, ಸುಟ್ಟ ಕಲೆ ಎಲ್ಲ ಸವರಿದಳು. “ಹೂಂ... ಕರಿಯೋ ಕೈ. ನಂದೂ ಹಿಂಗೇ ಇತ್ತು. ಇವನು ಮೂರು ವಾರದಿಂದ ನೆಟ್ಟಗೆ ಉಂಡಿಲ್ಲ. ನಿನ್ನೆ ಬಾಯಿ ಬಿಡಿಸಿದೆ. ಬಾಣಲೆ ಬಿಡು ಅಂದ್ನಂತೆ?”

“ಹೂಂ,” ಎಂದಳು ಚಂದ್ರಕ್ಕ.

“ಅವ್ವಾ, ನಿನ್ನ ಗತಿ ಇವಳಿಗೆ ಬರಬಾರದು ಅಂತಲೇ ಅಂದಿದ್ದು!” ಮೂರ್ತಪ್ಪ ಹೊರಗಿನಿಂದಲೇ ತಡೆಯಲಾರದೆ ನುಡಿದ. “ಊರೋರ ಮದುವೆ ಮನೇಲೆಲ್ಲ ಕರಿದು ಕರಿದು, ಹೊಗೇಲಿ ಕಣ್ಣು ಕಳ್ಕಂಡೆ. ಚಿಕ್ಕೋನಿದ್ದಾಗಿಂದ ನೋಡಿದೀನಿ. ಬಾಣಲೆ ಮುಂದೆ ಕುಂತ್ರೆ ನಿನ್ನ ಕಣ್ಣಲ್ಲಿ ನೀರು ನಿಲ್ತಾನೇ ಇರ್ಲಿಲ್ಲ!”

ಚಂದ್ರಕ್ಕ ಥಟ್ಟನೆ ಅವನ ಕಡೆ ತಿರುಗಿದಳು. ‘ನಾಚಿಕೆಯಲ್ಲ... ಸಂಕಟ! ಅಯ್ಯೋ, ನಾನೇನು ತಿಳಿದುಕೊಂಡೆ!’

ಜುಂಜಮ್ಮ ಮೆಲ್ಲನೆ ನಕ್ಕಳು.

“ಲೇ ಮೂರ್ತಿ, ಆ ನೀರು ಹೊಗೇದು ಅಂತ ನಿಂಗೆ ಯಾರೋ ಹೇಳ್ದೋರು?”

ಅವನು ತಲೆ ಎತ್ತಿದ.

“ಕಣ್ಣು ಹೋಗಿದ್ದು ಆಮೇಲೆ. ಅದಕ್ಕೆ ಮುಂಚೆನೂ ಅಳ್ತಿದ್ದೆ. ನಲ್ವತ್ತು ವರ್ಷ ಕರಿದೆ ಕಣೋ. ಉಂಡೋರೆಲ್ಲ ಮನೆ ಯಜಮಾನ್ರನ್ನ ಹೊಗಳಿ ಹೋಗೋರು. ಇದನ್ನ ಮಾಡಿದೋರು ಯಾರು ಅಂತ ಒಬ್ಬರಾದ್ರೂ ಕೇಳ್ಲಿಲ್ಲ. ಹಿತ್ತಲ ಬಾಗಿಲಾಗೆ ಹೋಗ್ತಿದ್ದೆ, ಹಿತ್ತಲ ಬಾಗಿಲಾಗೆ ಬರ್ತಿದ್ದೆ. ನನಗೆ ಉರಿ ಇದ್ದಿದ್ದು ಅದು. ಬಾಣಲೆನ ನಾನು ಯಾವತ್ತೂ ಬೈದಿಲ್ಲ.” ಮುದುಕಿ ಚಂದ್ರಕ್ಕನ ಕೈ ಬಿಗಿಯಾಗಿ ಹಿಡಿದಳು. “ಹೊಳಲ್ಕೆರೆ ಅಂಗಡೀಲಿ ‘ಚಂದ್ರಕ್ಕನ ನಿಪ್ಪಟ್ಟು ಬಂತಾ’ ಅಂತ ಹೆಸರು ಹಿಡಿದು ಕೇಳ್ತಾರಂತೆ. ಹೌದಾ?”

“ಹೌದವ್ವಾ,” ಎನ್ನುವಷ್ಟರಲ್ಲಿ ಚಂದ್ರಕ್ಕನ ದುಃಖದ ಕಟ್ಟೆಯೊಡೆದಿತ್ತು. ಮೂರು ವಾರದ ಅಳು, ಆ ಮುದುಕಿಯ ಮಡಿಲಲ್ಲಿ.

“ಅಳು ಆಮೇಲೆ. ಹಿಟ್ಟು ಕಲಸಿದೀಯಾ? ಕೊಡಿಲ್ಲಿ. ನೋಡೋಕೆ ಕಣ್ಣಿಲ್ಲ, ತಟ್ಟೋಕೆ ಕೈ ಅವೆ.”

ಜುಂಜಮ್ಮ ಬಾಳೆ ಎಲೆಯ ಮೇಲೆ ಮೊದಲ ನಿಪ್ಪಟ್ಟು ತಟ್ಟಿದಳು. ಕಾಗದದಷ್ಟು ತೆಳ್ಳಗೆ, ಚಂದ್ರನಷ್ಟು ದುಂಡಗೆ! ಬರಗೇರಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಾ ಪಕ್ಕದಲ್ಲೇ ಕೂತಳು.

ಚಂದ್ರಕ್ಕ ಕಣ್ಣೊರೆಸಿಕೊಂಡು ಬೀದಿಗೆ ಬಂದಳು.

“ನಾನು ತಪ್ಪು ತಿಳ್ಕಂಡೆ,” ಎಂದಳು.

“ನಾನು ಚಿಕ್ಕೋನಿದ್ದಾಗಿಂದ ತಪ್ಪು ತಿಳ್ಕಂಡಿದೀನಿ,” ಎಂದ ಮೂರ್ತಪ್ಪ. ಅವನ ಕಣ್ಣೂ ಒದ್ದೆಯಾಗಿತ್ತು. “ಚಂದ್ರಾ, ನನಗೆ ನೀನು ಬೇಕು. ಬಾಣಲೆ ಸಮೇತ ಬೇಕು. ಇನ್ನೊಂದು ಸಲ ಕೇಳಬೌದಾ?”

“ಕೇಳೋಕೆ ಮುಂಚೆ ನನ್ನ ಮಾತು ಕೇಳ್ರಿ. ನಮ್ಮವ್ವ ನನ್ನ ಜೊತೆಗೇ ಇರ್ತಾಳೆ.”

“ಇರ್ಲಿ.”

“ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಹತ್ರ ಮನೆ ಹಿಡೀಬೇಕು. ಬೀದಿ ಕಡೆಗೇ ಒಲೆ, ಹೊಗೆ ಹೋಗೋಕೆ ಸೂರಿಗೊಂದು ಕೊಳವೆ. ಬಾಗಿಲ ಮೇಲೆ ಬೋರ್ಡು. ಅದ್ರಲ್ಲಿ ಮೊದಲು ನಿಮ್ಮವ್ವನ ಹೆಸರು, ಆಮೇಲೆ ನಂದು.”

ಅವನು ತಲೆಯಾಡಿಸಿದ.

“ಮತ್ತೆ... ನನ್ನ ಹೆಸರು?” ಎಂದ ಕೊನೆಗೆ, ಮೆಲ್ಲಗೆ.

“ಕೆಲಸ ಮಾಡಿದೋರ ಹೆಸರು ಮಾತ್ರ ಹಾಕೋದು.”

“ಹಂಗಾದ್ರೆ ನನಗೂ ಒಂದು ಕೆಲಸ ಕೊಡು.”

ಚಂದ್ರಕ್ಕ ಒಳಗೆ ಹೋಗಿ, ಹುರಿದ ಕಡ್ಲೆಬೀಜದ ಮೊರ ತಂದು ಅವನ ಕೈಗಿತ್ತಳು.

“ಉಜ್ಜಿ, ಸಿಪ್ಪೆ ಊದ್ರಿ.”

ಅವನು ಜೋರಾಗಿ ಊದಿದ. ಕೆಂಪು ಸಿಪ್ಪೆಯೆಲ್ಲ ಹಾರಿ ಅವಳ ಮುಖ, ಕೂದಲು, ಸೀರೆಯ ಮೇಲೆ!

“ರೀ! ನನ್ನ ಮೇಲಲ್ಲ, ಗಾಳಿ ಹೋಗೋ ಕಡೆಗೆ!”

“ಗಾಳಿ ಯಾವ ಕಡೆಗೆ ಐತೆ ಅಂತ ಯಾರು ನೋಡಿದ್ರು? ನಾನು ನಿನ್ನನ್ನೇ ನೋಡ್ತಿದ್ದೆ.”

ಚಂದ್ರಕ್ಕ ಸಿಪ್ಪೆ ಒರೆಸಿಕೊಳ್ಳಲಿಲ್ಲ. ಮೊರದ ಇನ್ನೊಂದು ಅಂಚು ಹಿಡಿದು ಅವನ ಪಕ್ಕಕ್ಕೆ ಬಂದು ನಿಂತಳು.

“ಈಗ ಊದ್ರಿ,” ಎಂದಳು. “ಇಬ್ಬರೂ ಒಂದೇ ಕಡೆಗೆ.”