ಹೊಸ್ತಿಲು ಕಿತ್ತ ಅರಮನೆ

ಬನ್ರೋ ಮಕ್ಕಳೇ, ಬನ್ನಿ. ಏ ಪುಟ್ಟಿ, ಹೊಸ್ತಿಲ ಮೇಲೆ ಕೂರಬೇಡ, ಒಳಗೆ ಬಂದು ಚಾಪೆ ಮೇಲೆ ಕೂತ್ಕೊ. ಯಾಕೆ ಕೂರಬಾರದು ಅಂತ ದಿನಾ ಕೇಳ್ತೀಯಲ್ಲ, ಇವತ್ತು ಹೊಸ್ತಿಲಿನದೇ ಕತೆ. ಹೂಂ ಅಂತಾ ಕೇಳಬೇಕು. ನೀವು ಹೂಂ ಅನ್ನೋದು ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ.

ಬಹಳ ಬಹಳ ಹಿಂದೆ ಚಂದಗೋಡು ಅಂತ ಒಂದು ರಾಜ್ಯ. ಅದರ ಅರಮನೆಯ ಹೆಬ್ಬಾಗಿಲಿಗೆ ಕರಿಮರದ ಒಂದು ಹೊಸ್ತಿಲು. ಆ ಹೊಸ್ತಿಲಿಗೊಂದು ಗುಣ ಇತ್ತು. ಅದರ ಮುಂದೆ ನಿಂತು ‘ಹೋಗಿ ಬರ್ತೀನಿ’ ಅಂದವರು ಎಲ್ಲಿಗೆ ಹೋದರೂ, ಏನೇ ಆದರೂ, ತಿರುಗಿ ಬಂದೇ ಬರುತ್ತಿದ್ದರು. ದಂಡಿಗೆ ಹೋದವರೂ ಬರುತ್ತಿದ್ದರು, ಹಡಗು ಹತ್ತಿದವರೂ ಬರುತ್ತಿದ್ದರು.

ಆ ರಾಜ್ಯಕ್ಕೆ ಭೈರಮಲ್ಲ ಅಂತ ರಾಜ. ಅವನಿಗೊಬ್ಬಳೇ ಮಗಳು, ನೀಲವ್ವ. ಅವಳು ತೊಟ್ಟಿಲಲ್ಲಿದ್ದಾಗಲೇ ತಾಯಿ ಸೋಮಾಂಬೆಯ ಕೊಲೆಯಾಗಿತ್ತು. ಆ ಕೊಲೆಯ ಸುದ್ದಿ ಕೇಳದ ಕಿವಿ ಸುತ್ತಿನ ಏಳು ರಾಜ್ಯದಲ್ಲಿ ಇರಲಿಲ್ಲ. ಪಂಚಮಿ ಹಬ್ಬಕ್ಕೆ ತಂಗಿಯನ್ನು ತವರಿಗೆ ಕರೆಯಲು ಬಂದ ಅಣ್ಣ ಮಾಚಯ್ಯ, ಒಡವೆಯ ಆಸೆಗೆ ತಂಗಿಯನ್ನೇ ಕೊಂದು ಕಾಡಿಗೆ ಓಡಿದನಂತೆ. ಹಾಗಂತ ಡಂಗುರ ಹೊಡೆಸಿದವನು ರಾಜ. ರಾಗಿ ಬೀಸುವ ಹೆಂಗಸರೂ ಅದನ್ನೇ ಹಾಡು ಕಟ್ಟಿ ಹಾಡುತ್ತಿದ್ದರು.

ಕೊಲೆಯಾದ ಮಾರನೇ ದಿನವೇ ರಾಜ ಹೆಬ್ಬಾಗಿಲ ಹೊಸ್ತಿಲನ್ನು ಕಿತ್ತು ಕಾಡಿಗೆ ಎಸೆಸಿದ. ‘ಹೋಗಿ ಬರ್ತೀನಿ’ ಅನ್ನೋ ಮಾತನ್ನು ಯಾರೂ ಆಡಬಾರದು ಅಂತ ಕಟ್ಟಪ್ಪಣೆ ಮಾಡಿದ. ಅವತ್ತಿಂದ ಜನ ಬರೀ ‘ಹೋಗ್ತೀನಿ’ ಅಂದು ಹೊರಟರು. ಹೋದವರು ಹೋದರು. ಗಂಡಂದಿರು ಬರಲಿಲ್ಲ, ಮಕ್ಕಳು ಬರಲಿಲ್ಲ. ಊರೆಲ್ಲ ದಾರಿ ನೋಡುವ ಕಣ್ಣುಗಳೇ.

ಇನ್ನು ನೀಲವ್ವನ ಪಾಡು ಕೇಳಿ. ರಾಜ ಅವಳ ಕಾಲಿಗೆ ಗೆಜ್ಜೆ ಕಟ್ಟಿಸಿದ್ದ. ಚೆಂದಕ್ಕಲ್ಲ, ಎಲ್ಲಿ ನಡೆದರೂ ತನ್ನ ಕಿವಿಗೆ ಬೀಳಲಿ ಅಂತ. ಮುಡಿಯುವ ಹೂವನ್ನೂ ಅವನೇ ಆರಿಸಬೇಕು. ಕಿಟಕಿಗೆ ಹೋದರೆ ‘ಯಾರ ಅಪ್ಪಣೆ?’, ಜೋರಾಗಿ ನಕ್ಕರೆ ‘ಯಾರ ಅಪ್ಪಣೆ?’ ಹುಡುಗಿಗೆ ಹದಿನೆಂಟು ತುಂಬಿದರೂ ಬೀದಿಯ ಮಣ್ಣು ಹೇಗಿರುತ್ತೆ ಅಂತ ಗೊತ್ತಿರಲಿಲ್ಲ.

ಒಂದು ದಿನ ಅವಳನ್ನು ಸಾಕಿದ ದಾಸಿ ಸಂಕವ್ವನನ್ನು, ಮುದುಕಿಯಾದಳು ಅಂತ ರಾಜ ಅರಮನೆಯಿಂದ ಕಳಿಸಿಬಿಟ್ಟ. ಹೊಸ್ತಿಲಿಲ್ಲದ ಬಾಗಿಲಲ್ಲಿ ನಿಂತು ಸಂಕವ್ವ ಬಾಯಿ ತಪ್ಪಿ ಅಂದುಬಿಟ್ಟಳು: “ಹೋಗಿ ಬರ್ತೀನಿ ತಾಯಿ.”

ನೀಲವ್ವ ಕಣ್ಣರಳಿಸಿದಳು. “ಅದೇನವ್ವ ಅದು? ಹೋಗೋದೂ ಬರೋದೂ ಒಂದೇ ಮಾತಿನಲ್ಲೇ?”

ಸಂಕವ್ವ ಅತ್ತಿತ್ತ ನೋಡಿ ಪಿಸುಗುಟ್ಟಿದಳು. “ನಿನ್ನ ತಾಯಿ ಕೊನೆಗೆ ಆಡಿದ್ದೂ ಅದೇ ಮಾತು ಕಣವ್ವ. ಕೊಂದವರು ಯಾರು ಅಂತ ನನಗೆ ಗೊತ್ತು. ಹೇಳಿದರೆ ನಾಲಿಗೆ ಕಲ್ಲಾಗುತ್ತೆ, ಅರಮನೆಯ ಮಾಂತ್ರಿಕ ಕಾಳಕಂಠ ಕಟ್ಟು ಹಾಕಿದ್ದಾನೆ. ಕಾಡಿನ ಗವಿಯಲ್ಲಿ ಹೊಸ್ತಿಲು ಬಿದ್ದಿದೆ. ಅದನ್ನ ತಂದು ಇಲ್ಲಿ ಇಡು. ಬರೋಕೆ ದಾರಿ ಸಿಕ್ಕರೆ ಅವಳೇ ಬಂದು ಹೇಳ್ತಾಳೆ.”

ಮಾರನೇ ದಿನ ಮಟಮಟ ಮಧ್ಯಾಹ್ನ. ರಾಜ ಊಟಕ್ಕೆ ಕೂತಿದ್ದ, ಕಾವಲವರು ಉಂಡು ತೂಕಡಿಸುತ್ತಿದ್ದರು. ನೀಲವ್ವ ಗೆಜ್ಜೆ ಬಿಚ್ಚಿ ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದಳು. ಬಾಗಿಲಲ್ಲಿ ನಿಂತು ಮೆಲ್ಲಗೆ, “ಅಪ್ಪಾಜಿ, ಹೋಗಿ ಬರ್ತೀನಿ” ಅಂದಳು. ಹೊರಟೇಬಿಟ್ಟಳು.

ಕಾಡಿನ ಬಾಯಲ್ಲಿ ಒಂದು ಕಲ್ಲಾನೆ. ಸೊಂಡಿಲು ಅಡ್ಡ ಹಾಕಿ ಕೇಳಿತು: “ಯಾರ ಅಪ್ಪಣೆ?”

“ನಮ್ಮ ಅಪ್ಪಾಜಿಯದು.”

“ಅಪ್ಪಣೆ ಇದ್ದವಳು ಗೆಜ್ಜೆ ಕಾಲಲ್ಲಿ ಕಟ್ಟಿಕೊಂಡು ಬರ್ತಾಳೆ, ಕೈಯಲ್ಲಿ ಹಿಚುಕಿಕೊಂಡಲ್ಲ! ಅದನ್ನ ಇಲ್ಲಿ ಬಿಟ್ಟು ಹೋಗು, ಸುಳ್ಳಿಗೆ ಸುಂಕ.” ನೀಲವ್ವ ಗೆಜ್ಜೆ ಕೊಟ್ಟಳು. ಕೈ ಹಗುರಾಯಿತು.

ಇನ್ನಷ್ಟು ದೂರ ಹೋದರೆ ಏಳು ಹೆಡೆಯ ಹಾವು. “ಯಾರ ಅಪ್ಪಣೆ?”

“ನಮ್ಮ ಅಮ್ಮನದು.”

“ಪಾಪ, ಅವಳಿಗೇ ತವರಿಗೆ ಹೋಗೋಕೆ ಅಪ್ಪಣೆ ಸಿಗಲಿಲ್ಲ. ನಿನಗೆಲ್ಲಿಂದ ತಂದು ಕೊಟ್ಟಾಳು? ಜಡೆಯಲ್ಲಿರೋ ಕೇದಗೆ ಕೊಡು.” ಅಪ್ಪ ಆರಿಸಿದ ಹೂ ಅದು. ಕೊಟ್ಟಳು. ಹಾವಿಗೆ ಕೇದಗೆ ಅಂದರೆ ಪ್ರಾಣ ತಾನೆ, ಹೆಡೆ ಮಡಚಿ ದಾರಿ ಬಿಟ್ಟಿತು.

ಗವಿಯ ಬಾಯಲ್ಲಿ ಒಂದು ಕರಡಿ, ಬೆಟ್ಟದಂಥದ್ದು. ಅದಕ್ಕೆ ಮಾತಿಲ್ಲ. ಎದ್ದು ನಿಂತು ಗುರುಗುಟ್ಟಿದರೆ ನೀಲವ್ವನಿಗೆ ಅದೇ ಪ್ರಶ್ನೆ ಕೇಳಿಸಿತು. ಈ ಸಲ ಸುಳ್ಳು ಹೇಳಲಿಲ್ಲ.

“ಯಾರದ್ದೂ ಇಲ್ಲ. ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡು ಬಂದಿದ್ದೀನಿ.”

ಕರಡಿ ಎತ್ತಿದ ಪಂಜ ಇಳಿಸಿತು. ಆಗ ಕಂಡಿತು, ಅದರ ಕುತ್ತಿಗೆಯಲ್ಲಿ ಮಾಸಿದ ಒಂದು ಗಂಟು. ಗಂಟಿನೊಳಗಿಂದ ಹಸಿರು ಸೀರೆಯ ಸೆರಗು ಇಣುಕುತ್ತಿತ್ತು. ಪಂಚಮಿಗೆ ತಂಗಿಗೆ ಅಂತ ತರುವ ಸೀರೆ. ತಂಗಿಯನ್ನು ಕೊಲ್ಲಲು ಬಂದವನು ಹದಿನೆಂಟು ವರ್ಷ ಅವಳ ಸೀರೆ ಕಾಯುತ್ತಾನೆಯೆ?

“ಮಾವಾ!” ಅಂದಳು ನೀಲವ್ವ.

ನೆಂಟಸ್ತಿಕೆ ಹಿಡಿದು ಯಾರಾದರೂ ಕರೆಯುವ ತನಕ ಕರಡಿಯಾಗಿರು ಅಂತ ಕಾಳಕಂಠನ ಮಂತ್ರ. ಕೊಲೆಗಾರನನ್ನು ಯಾರು ಕರೆದಾರು ಅಂತ ಅವನ ಧೈರ್ಯ. ಕರೆದದ್ದೇ ತಡ, ಕೂದಲೆಲ್ಲ ಉದುರಿ ನರೆಗಡ್ಡದ ಒಬ್ಬ ಮನುಷ್ಯ ನಿಂತ. “ಬಾ ತಾಯಿ,” ಅಂದ ಮಾಚಯ್ಯ, ಹೊಸ್ತಿಲನ್ನು ಎತ್ತಿ ಹೆಗಲಿಗೇರಿಸಿದ.

ಇಬ್ಬರೂ ಹಾಡುಹಗಲೇ ಊರೊಳಗೆ ಬಂದರು. ಬೀಸುವ ಹೆಂಗಸರು ಬೀಸೋದು ಬಿಟ್ಟು ಹಿಂದೆ ಬಂದರು. ಮಾಚಯ್ಯ ಹೊಸ್ತಿಲನ್ನು ಹೆಬ್ಬಾಗಿಲಿಗೆ ಕೂರಿಸುವುದಕ್ಕೂ ರಾಜ ಓಡಿ ಬರುವುದಕ್ಕೂ ಸರಿಹೋಯಿತು.

“ಯಾರ ಅಪ್ಪಣೆ ತಗೊಂಡು ಹೊರಗೆ ಕಾಲಿಟ್ಟೆ?”

“ಹೇಳಿಯೇ ಹೋಗಿದ್ದೆ ಅಪ್ಪಾಜಿ, ಹೋಗಿ ಬರ್ತೀನಿ ಅಂತ. ಬಂದೆ.”

“ನಾನೂ ಬಂದೆ,” ಅಂತ ಹಿಂದಿನಿಂದ ಇನ್ನೊಂದು ದನಿ.

ನೋಡಿದರೆ ಸೋಮಾಂಬೆ! ಅದೇ ವಯಸ್ಸು, ಅದೇ ಕುಂಕುಮ, ಎದೆಯ ಮೇಲೆ ಕತ್ತಿಯ ಗಾಯ. “ನಮ್ಮಣ್ಣ ಬಾಗಿಲಲ್ಲಿ ಕಾಯುತ್ತಿದ್ದ,” ಅಂದಳು, ಊರಿಗೆಲ್ಲ ಕೇಳುವ ಹಾಗೆ. “ಮೂರು ಸಲ ಅಪ್ಪಣೆ ಕೇಳಿದೆ. ನಾಲ್ಕನೇ ಸಲ ಕೇಳಲಿಲ್ಲ, ಹೋಗಿ ಬರ್ತೀನಿ ಅಂದೆ. ಕತ್ತಿ ಬೀಸಿದ್ದು ಇವರು. ನನ್ನ ಗಂಡ.”

ಭೈರಮಲ್ಲನ ಮುಖ ಬೂದಿಯಾಯಿತು. “ಹೋದರೆ ನೀನು ಬರೋದಿಲ್ಲ ಅಂತ ಹೆದರಿದೆ” ಅಂದ.

“ಬರ್ತೀನಿ ಅಂದಿದ್ದೆನಲ್ಲ?” ಅಂದಳು ಸೋಮಾಂಬೆ.

ಅವಳು ಮಗಳ ತಲೆ ನೇವರಿಸಿದಳು, ಅಣ್ಣನ ಕೈಯಿಂದ ಹಸಿರು ಸೀರೆ ಇಸಕೊಂಡಳು. “ಇನ್ನು ತವರಿಗೆ ಹೋಗಿ ಬರ್ತೀನಿ ಮಗಳೇ” ಅಂತ ಹೊಸ್ತಿಲು ದಾಟಿ ಬೆಳಕಾಗಿ ಹೋದಳು.

ಆಮೇಲೆ ಯಾರು ಏನಾದರು ಅಂತೀರಾ? ಕಾಳಕಂಠ ಸದ್ದಿಲ್ಲದೆ ಓಡಿಹೋಗಲು ಹೊಸ್ತಿಲು ಮೆಟ್ಟಿದ, ಮೆಟ್ಟಿದಲ್ಲೇ ಹಲ್ಲಿಯಾದ. ನಿಜವನ್ನು ಮುಚ್ಚಿಟ್ಟವನು ಈಗ ಯಾರು ನಿಜ ಹೇಳಿದರೂ ‘ಲೊಚ್ ಲೊಚ್’ ಅನ್ನಲೇಬೇಕು. ಭೈರಮಲ್ಲ ಕಿರೀಟ ಇಳಿಸಿಟ್ಟು ಹೊರಟ. ‘ಬರ್ತೀನಿ’ ಅನ್ನೋಕೆ ಅವನಿಗೆ ಬಾಯಿ ಬರಲಿಲ್ಲ. ಹೋದವನು ಬರಲಿಲ್ಲ. ಬೀಸುವ ಹೆಂಗಸರು ಹಾಡನ್ನು ತಿದ್ದಿ ಮಾಚಯ್ಯನನ್ನು ಹೊಗಳಿದರು, ಅವನು ನಾಚಿ ಕರಡಿಯ ಹಾಗೆ ಗುರುಗುಟ್ಟಿದ. ಸಂಕವ್ವ ಬಾಯಿ ತಪ್ಪಿ ಆಡಿದರೂ ಮಾತು ಮಾತೇ, ತಿರುಗಿ ಬಂದಳು. ಊರು ಬಿಟ್ಟ ಗಂಡಂದಿರು, ಮಕ್ಕಳು ಒಬ್ಬೊಬ್ಬರಾಗಿ ಬಂದರು. ನೀಲವ್ವ ರಾಣಿಯಾಗಿ, ಬೀದಿಯ ಮಣ್ಣಲ್ಲೆಲ್ಲ ಬರಿಗಾಲಲ್ಲಿ ತಿರುಗಿ, ತಾನೇ ಮೆಚ್ಚಿದವನನ್ನು ಮದುವೆಯಾದಳು. ಮರುವರ್ಷ ಪಂಚಮಿಯ ದಿನ ಅವಳಿಗೊಂದು ಹೆಣ್ಣು ಕೂಸು ಹುಟ್ಟಿತು. ಎದೆಯ ಮೇಲೆ ಕತ್ತಿಯ ಗಾಯದ ಹಾಗೆ ಸಣ್ಣದೊಂದು ಮಚ್ಚೆ.

ನೀಲವ್ವ ಮಗುವನ್ನು ಎತ್ತಿಕೊಂಡು, “ಬಂದ್ಯಾ ಅವ್ವಾ?” ಅಂದಳು.

ಬಾಗಿಲ ಮೇಲಿನ ಹಲ್ಲಿ ಲೊಚ್ ಲೊಚ್ ಅಂತು.