ಹುಲಿಯಪ್ಪನವರ ಬೇಸ್

ಚಳ್ಳಕೆರೆಯ ಆರ್ಕೆಸ್ಟ್ರಾದಲ್ಲಿ ನಾನು ಡ್ರಮ್ಸ್ ಬಾರಿಸುತ್ತಿದ್ದೆ. ವಾದ್ಯದ ಮುಂದೆ ಚಪ್ಪಲಿ ಬಿಟ್ಟು ಕೂರುವುದು ನಮ್ಮ ರೂಢಿ. ಹಾಗಾಗಿ ಬೇಸ್ ಗಿಟಾರಿನ ನಾದ ನೆಲದ ಅದುರಿನಿಂದ ಅಂಗಾಲಿಗೇ ತಿಳಿಯುತ್ತಿತ್ತು.

೧೯೯೮ರ ಏಪ್ರಿಲ್. ಬೇಸ್ ನುಡಿಸುವ ಹುಲಿಯಪ್ಪನವರ ಬೆರಳುಗಳು ವಯಸ್ಸಿಗೆ ಸೆಟೆದುಕೊಂಡಿದ್ದವು. ತಾಲೀಮಿನಲ್ಲಿ ತಪ್ಪಿದರೆ ಅವರನ್ನು ತಂಡದಿಂದ ಬಿಡಿಸುವುದೆಂದು ತೀರ್ಮಾನವಾಗಿತ್ತು.

ಮಧ್ಯಾಹ್ನದ ತಾಲೀಮಿನಲ್ಲಿ ಅವರ ಬೇಸ್ ಒಂದು ಪೆಟ್ಟೂ ತಪ್ಪಲಿಲ್ಲ. ಆದರೆ ಆ ಸುಡು ಬಿಸಿಲಲ್ಲೂ ನೆಲ ತಣ್ಣಗಿತ್ತು. ಹಾಡು ಮುಗಿಯುವ ಮೊದಲೇ ಅವರು ಗಿಟಾರನ್ನು ಗೋಡೆಗೆ ಒರಗಿಸಿ ನೀರು ಕುಡಿಯಲು ಎದ್ದರು. ನನ್ನ ಅಂಗಾಲಿನ ಕೆಳಗೆ ಬೇಸ್ ನಾದ ನಿಲ್ಲಲಿಲ್ಲ.

"ಅಣ್ಣಾ, ಯಾರ್ರೀ ನುಡಿಸ್ತಿರೋದು?" ಎಂದು ಹಾಡು ಮುಗಿದೊಡನೆ ಅವರ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಗೊತ್ತಿಲ್ಲಪ್ಪ. ನಾನು ತಂತಿ ಮೀಟಿ ಎರಡು ವರ್ಷ ಆತು. ಬರೀ ಕೈ ಆಡಿಸ್ತೀನಿ. ಯಾರಿಗೂ ಹೇಳಬ್ಯಾಡ, ಮನೆ ಇದರಾಗೇ ನಡೀತೈತೆ."

ಹೇಳಲಿಲ್ಲ. ಮುಂದೆ ಐದು ವರ್ಷ ಅವರ ಪಕ್ಕದಲ್ಲೇ ಬಾರಿಸಿದೆ. ಚಪ್ಪಲಿ ಬಿಟ್ಟು ಮಾತ್ರ ಮತ್ತೆಂದೂ ಕೂರಲಿಲ್ಲ.