ಕೆಂಪು ಕಾರಿಗೆ ಛಜ್ಜಾ

ಬಂದೂಕಿನ ನಳಿಗೆ ನನ್ನ ಬಲಗಿವಿಯ ಹಿಂದೆ ಬಂದು ನಿಂತಿತು.

ತಣ್ಣಗಿತ್ತು!

ಏಪ್ರಿಲ್ ಮಧ್ಯಾಹ್ನ ಜೇವರ್ಗಿಯಲ್ಲಿ ತಣ್ಣಗಿರುವ ವಸ್ತು ಎರಡೇ. ಮಣ್ಣಿನ ಹರವಿಯ ನೀರು, ನೆರಳಲ್ಲಿಟ್ಟ ಬಂದೂಕು. ಇದು ನೀರಲ್ಲ ಅಂತ ತಿರುಗಿ ನೋಡದೆಯೇ ತಿಳಿಯಿತು.

"ಖಾದರಸಾಬಗ ಕತ್ರಿ ಕೆಳಗಿಡು ಅನ್ನು," ಎಂದಿತು ಹಿಂದಿನ ದನಿ. "ಇಲ್ಲಾಂದ್ರ ಮೊದಲ ನೀ. ಆಮ್ಯಾಲ ಅಂವ."

ಹೆಂಗಸಿನ ದನಿ. ವಯಸ್ಸಾದ ದನಿ. ಆದರೆ ನಡುಕವಿರಲಿಲ್ಲ...

ನನ್ನೆದುರು ಖಾದರಸಾಬ ಕುಕ್ಕರುಗಾಲಲ್ಲಿ ಕೂತಿದ್ದ. ಗ್ಯಾರೇಜು ಅವನದೇ. ಪತ್ರಾ, ಅಂದರೆ ತಗಡು, ಬಡಿಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತಲ ಮೂರು ತಾಲೂಕಿನಲ್ಲಿಲ್ಲ. ಅವನ ಕೈಯಲ್ಲಿ ತಗಡಿನ ಕತ್ತರಿ. ಕತ್ತರಿಯ ಬಾಯಲ್ಲಿ ಒಂದು ಕೆಂಪು ಕಾರಿನ ಬಲಗಡೆಯ ಮಡ್‌ಗಾರ್ಡು.

ಅವನು ಕತ್ತರಿ ಇಡಲಿಲ್ಲ. ಬೀಳಿಸಿದ!

ನನ್ನ ಕಾಲ ಮೇಲೆ!

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹೆಸರು ಮಲ್ಕಪ್ಪ. ಮೊದಲು ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೆ. ಡಿಪಾರ್ಟ್‌ಮೆಂಟು ನನ್ನನ್ನು ಬಿಟ್ಟಿತು, ನಾನು ಜಗಳ ಮಾಡಲಿಲ್ಲ. ಅಂದಿನಿಂದ ದೊಡ್ಡವರ ಸಣ್ಣ ಕೆಲಸಗಳನ್ನು ಮಾಡಿಕೊಡುತ್ತೇನೆ. ಕಳೆದದ್ದನ್ನು ಹುಡುಕುವುದು, ಸಿಕ್ಕದ್ದನ್ನು ಮುಚ್ಚಿಡುವುದು.

ಎಂಬತ್ತೇಳರ ಆ ಬೇಸಿಗೆಯ ದೊಡ್ಡವರು ಇಜೇರಿಯ ದೌಲತರಾಯಗೌಡರು.

ಸಣ್ಣ ಕೆಲಸ... ಅವರ ಮೀಸೆ!

ಆದದ್ದಿಷ್ಟು. ಅಫಜಲಪುರದ ಬಸವಂತರಾಯ ಹೊಸ ಜೀಪು ಕೊಂಡ. ಒಂದು ಮದುವೆ ಊಟದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ನನ್ನ ಜೀಪು ಮುಂದೆ ಅಂತ ಅವನು. ನಮ್ಮಪ್ಪನ ಕಾರು ಮುಂದೆ ಅಂತ ಇವರು. ಗೌಡರ ತಂದೆ ಹೈದರಾಬಾದಿನ ನವಾಬನೊಬ್ಬನಿಂದ ತಂದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು. ಇಪ್ಪತ್ತು ವರ್ಷದಿಂದ ಜೋಳದ ಚೀಲಗಳ ಪಕ್ಕದಲ್ಲಿ ನಿಂತಿತ್ತು. ಊಟ ಮುಗಿಯುವ ಹೊತ್ತಿಗೆ ಪಂದ್ಯ ಕುದುರಿತು. ಭಾನುವಾರ ಬೆಳಿಗ್ಗೆ ಜೇವರ್ಗಿಯಿಂದ ಘತ್ತರಗಿ. ಸೋತವನು ಎಲ್ಲರೆದುರು ಮೀಸೆ ಬೋಳಿಸಿಕೊಳ್ಳಬೇಕು!

ಗೌಡರು ಯಾವುದೋ ಫಾರಿನ್ ಪತ್ರಿಕೆಯಲ್ಲಿ ಫೋಟೋ ನೋಡಿ ಮುಂಬಯಿಯಿಂದ ಅಗಲವಾದ ನಾಲ್ಕು ಟೈರು ತರಿಸಿದರು. ಎಂಜಿನ್ ರಿಪೇರಿ ಮಾಡಿಸಿ ಅವನ್ನು ಹಾಕಿಸಿದರು. ಮಗನ ಚಡ್ಡಿ ಹಾಕಿಕೊಂಡ ಪೈಲ್ವಾನನ ಹಾಗೆ ಕಾಣಿಸಿತು ಕಾರು. ಟೈರುಗಳು ಹೊರಗೆ ಚಾಚಿದ್ದವು. ಗಾಡಿ ಸ್ವಲ್ಪ ವಾಲಿದರೆ ಸಾಕು, ಮಡ್‌ಗಾರ್ಡಿನ ಅಂಚು ಟೈರಿಗೆ ತಿಕ್ಕಿ ಹೊಗೆ!

ಖಾದರಸಾಬ ನೋಡಿ ಹೇಳಿದ್ದ, "ಅಂಚು ಕತ್ತರಿಸಬೇಕ್ರಿ. ಮ್ಯಾಲ ಅಗಲ ಪತ್ರಾ ಬಡದು ವೆಲ್ಡಿಂಗ್. ಕಿಡಕಿಗಿ ಹ್ಯಾಂಗ ಛಜ್ಜಾ ಇರ್ತದ, ಹಂಗ ಗಾಲಿಗೊಂದು ಛಜ್ಜಾ."

ಎಡಗಡೆಯ ಎರಡೂ ಛಜ್ಜಾ ಮುಗಿದಿದ್ದವು. ಬಲಗಡೆಗೆ ಕತ್ತರಿ ಹಚ್ಚಿದ್ದೇ ತಡ... ಬಂದೂಕು!

ನಿಧಾನಕ್ಕೆ ತಿರುಗಿದೆ.

ಕಸ್ತೂರಿಬಾಯಿ! ದೌಲತರಾಯರ ತಾಯಿ. ಅರವತ್ತೆಂಟು ವರ್ಷ. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಗಂಡನ ಡಬಲ್ ಬ್ಯಾರಲ್.

"ಅವ್ವಾರ, ಇದು ಗೌಡ್ರ ಹುಕುಂ ಅದರಿ," ಎಂದೆ.

"ಗೌಡಗ ಹಡದಾಕಿ ನಾನು. ಕಾರಿಗಿ ಕತ್ರಿ ಹಚ್ಚಲೇನಂತ ನನ್ನ ಕೇಳ್ಯಾನೇನು?"

ಅಷ್ಟರಲ್ಲಿ ಹೊರಗೆ ಬ್ರೇಕಿನ ಸದ್ದು!

ಹೊಚ್ಚಹೊಸ ಜೀಪು. ಬಸವಂತರಾಯನದು. ಅದರಿಂದ ಇಬ್ಬರು ಆಳುಗಳು ಧುಮುಕಿದರು. ಒಬ್ಬೊಬ್ಬರ ಕೈಯಲ್ಲೂ ಕಬ್ಬಿಣದ ಹಾರೆ.

"ಲೇ ಖಾದರ! ಬಲಗೈ ಚಾಚು!" ಎಂದ ದಪ್ಪನೆಯವನು. "ನಿನ್ನ ಕೈಗಿ ಎರಡು ತಿಂಗಳ ರಜಾ ಕೊಡಾಕ ಬಂದೀವಿ!"

ಖಾದರಸಾಬ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ. ಆ ಕೈಗಳೇ ಅವನ ಅನ್ನ. ಅವನ ಮುಖ ತಗ್ಗು ತುಂಬುವ ಹಸಿ ಲಾಂಬಿ ಮೆತ್ತಿದ ತಗಡಿನಂತೆ ಬಿಳುಪಾಯಿತು...

"ಅವ್ವಾರ, ಬಂದೂಕು ಹಾರಸ್ರಿ!" ಪಿಸುಗುಟ್ಟಿದೆ.

"ಏನ ಹಾರಸಲಿ? ತುಂಬಿಲ್ಲ," ಎಂದರು ಕಸ್ತೂರಿಬಾಯಿ. "ಅವರು ತೀರಿಕೊಂಡ ಮ್ಯಾಲ ಯಾರು ಗುಂಡು ತಂದಾರ?"

ಬಂದೂಕನ್ನು ನನ್ನ ಕೈಗೆಸೆದರು. ಬಾಗಿಲು ತೆಗೆದು ಸ್ಟೀರಿಂಗ್ ಮುಂದೆ ಕೂತರು!

"ಹತ್ರಿ!"

"ಅವ್ವಾರ... ನೀವು ಗಾಡಿ..."

"ಹತ್ತಲೇ!"

ಹತ್ತಿದೆ. ಖಾದರಸಾಬ ಸೀಟಿನ ಹಿಂದೆ ಮೂಟೆಯಂತೆ ಬಿದ್ದುಕೊಂಡ. ಎಂಜಿನ್ ಕೆಮ್ಮಿತು, ಗುಡುಗಿತು. ದಪ್ಪನೆಯವನ ಹಾರೆ ನಾವು ಇದ್ದ ಜಾಗದಲ್ಲಿ ನೆಲಕ್ಕೆ ಬಡಿಯಿತು. ನಾವು ಅಲ್ಲಿರಲಿಲ್ಲ!

ವಿಜಾಪುರ ರಸ್ತೆಗೆ ಬಂದಾಗ ಜೀಪು ಬೆನ್ನಿಗಿತ್ತು. ಮುದುಕಿ ಗೇರು ಬದಲಿಸುವುದನ್ನು ನೋಡಿ ನನ್ನ ಬಾಯಿ ತೆರೆದೇ ಇತ್ತು. ರೊಟ್ಟಿ ತಿರುವಿದಷ್ಟು ಸಲೀಸು!

ಮುಂದೆ ಕೂಡು ರಸ್ತೆ. ಎಡಕ್ಕೆ ತಿರುಗಿಸಿದರು. ಕಾರು ಬಲಕ್ಕೆ ವಾಲಿತು. ಛಜ್ಜಾ ಇಲ್ಲದ ಬಲಗಡೆಯ ಅಂಚು ಟೈರಿನ ಮೇಲೆ ಕೂತಿತು.

ಕರ್ರ್ರ್! ಹೊಗೆ!

"ಎಡಕ್ಕ ಬ್ಯಾಡ್ರಿ ಅವ್ವಾರ!" ಹಿಂದಿನಿಂದ ಖಾದರಸಾಬ ಚೀರಿದ. "ಟೈರ್ ಒಡೀತದ! ಬಲಕ್ಕ ಅಷ್ಟ ತಿರಗಸ್ರಿ!"

ಗೂಂಡಾಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ. ಬಲಕ್ಕೆ ಮಾತ್ರ ತಿರುಗುತ್ತ ತಪ್ಪಿಸಿಕೊಳ್ಳುವುದು... ನೀವೇ ಹೇಳಿ!

ಬಲಕ್ಕೆ! ಹತ್ತಿಯ ಚೀಲ ಹೊತ್ತಿದ್ದ ಹಮಾಲ ಚೀಲ ಬಿಟ್ಟು ಗೋಡೆ ಹತ್ತಿದ.

ಬಲಕ್ಕೆ! ಚಹಾದ ಅಂಗಡಿಯ ಬೆಂಚು ಖಾಲಿಯಾಯಿತು.

ಬಲಕ್ಕೆ! ತಾಲೂಕು ಕಚೇರಿಯ ಗುಮಾಸ್ತರು ಕಿಟಕಿಗೆ ಬಂದು ನಿಂತರು. ಊಟದ ಹೊತ್ತಿಗಿಂತ ಮುಂಚೆ ಅವರನ್ನು ಕುರ್ಚಿ ಬಿಟ್ಟೇಳಿಸಿದ ಮೊದಲ ಘಟನೆ ಅದು!

ಮತ್ತೊಮ್ಮೆ ಬಲಕ್ಕೆ ತಿರುಗಿದಾಗ ಕಣ್ಣೆದುರು ಒಂದು ಜೀಪು. ಹೊಚ್ಚಹೊಸದು.

ನಾವು ಅವರ ಹಿಂದಿದ್ದೆವು!

ದಪ್ಪನೆಯವನು ತಿರುಗಿ ನೋಡಿದ. ನಾನು ಬಂದೂಕನ್ನು ಎತ್ತಿ ಹಿಡಿದೆ. ತುಂಬಿಲ್ಲ ಅಂತ ಬಂದೂಕಿನ ಮೇಲೆ ಬರೆದಿರುವುದಿಲ್ಲವಲ್ಲ! ಅವನು ಡ್ರೈವರನ ಬೆನ್ನಿಗೆ ಗುದ್ದಿದ. ಜೀಪು ಎಡಕ್ಕೆ ತಿರುಗಿ ಅಫಜಲಪುರದ ದಿಕ್ಕಿಗೆ ಧೂಳೆಬ್ಬಿಸಿತು.

ಎಡಕ್ಕೆ ತಿರುಗಿದ್ದರಿಂದ ಬದುಕಿದರು. ನಾವು ಬೆನ್ನಟ್ಟುವಂತಿರಲಿಲ್ಲ.

ಊರ ಹೊರಗಿನ ಬೇವಿನ ಮರದ ಕೆಳಗೆ ಕಾರು ನಿಂತಿತು. ಖಾದರಸಾಬ ಇಳಿದು ತನ್ನ ಹತ್ತೂ ಬೆರಳನ್ನು ಎಣಿಸಿಕೊಂಡ.

"ಅವ್ವಾರ," ಎಂದೆ. "ಗಾಡಿ ಯಾವಾಗ ಕಲತ್ರಿ?"

ಕಸ್ತೂರಿಬಾಯಿ ಸೆರಗಿನಿಂದ ಬೆವರೊರೆಸಿದರು.

"ನಮ್ಮನಿ ಅವರಿಗಿ ಹಾರ್ನ್ ಯಾವದು, ಬ್ರೇಕ್ ಯಾವದು ಕಡೀತನಕ ತಿಳೀಲಿಲ್ಲ. ಆದ್ರ ಗೌಡನ ಮನ್ಯಾಗ ಕಾರ್ ಬಂದದ, ಗೌಡಗ ಹೊಡ್ಯಾಕ ಬರಲ್ಲ ಅಂದ್ರ ಮಂದಿ ನಗ್ತಾರ. ಹೈದರಾಬಾದಿನ ಡ್ರೈವರ್ ನನಗ ಕಲಿಸಿದ. ಅವರ ಪಟಕಾ ತಲಿಗಿ ಸುತ್ತಿ, ಕರೇ ಚಾಳೀಸ ಕಣ್ಣಿಗಿ ಹಾಕ್ಕೊಂಡು ನಾನ ಹೊಡೀತಿದ್ದೆ. ಅವರು ಬಾಜೂಕ ತಲಿ ಬಗ್ಗಿಸಿ ಮಕ್ಕೊತಿದ್ರು."

ನನಗೆ ನೆನಪಾಯಿತು. ಇಜೇರಿಯ ಹಳಬರು ಇಂದಿಗೂ ಹೇಳುತ್ತಾರೆ, ದೊಡ್ಡಗೌಡರು ಕಾರು ಹೊಡೆದರೆ ಗಾಳಿ ಅಂತ!

"ಹನ್ನೆರಡು ವರ್ಷ ಹೊಡದೀನಿ. ಒಂದ ದಿನ ನನ್ನ ಹೆಸರು ಬರಲಿಲ್ಲ," ಎಂದರು ಮುದುಕಿ. "ಆ ಮನ್ಯಾಗ ನನ್ನ ಮಾತು ಕೇಳಿದ್ದು ಇದೊಂದ ನೋಡು. ಅದಕ್ಕ ಕತ್ರಿ ಹಚ್ತಾರಂದ್ರ ಹೊಟ್ಟಿ ಉರೀತು."

ಆಕೆ ಕಾರಿನಿಂದಿಳಿದರು. ಬಲಗಡೆಯ ಮಡ್‌ಗಾರ್ಡಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಖಾದರಸಾಬ, ಕತ್ತರಿಸು."

"ಅವ್ವಾರ?"

"ಪತ್ರಾ ಪೂಜಿ ಮಾಡಿ ಏನು ಮಾಡ್ಲಿ? ನನಗ ಎಡಕ್ಕೂ ತಿರಗಬೇಕಾಗ್ಯದ."

ಎರಡು ದಿನ ಗ್ಯಾರೇಜಿನ ಬಾಗಿಲಲ್ಲಿ ನಾನು ಕಾವಲು ಕೂತೆ. ಒಳಗೆ ಖಾದರಸಾಬ ರಟ್ಟಿನ ಮೇಲೆ ಅಳತೆ ತೆಗೆದ. ಮರಳಿನ ಚೀಲದ ಮೇಲೆ ತಗಡಿಟ್ಟು ಬಡಿದು ಬಡಿದು ಬಾಗಿಸಿದ. ಅಂಚು ಕತ್ತರಿಸಿ, ಗ್ಯಾಸ್ ಹಚ್ಚಿ, ಬೆಸೆದು, ಲಾಂಬಿ ತುಂಬಿ, ಉಪ್ಪುಕಾಗದದಿಂದ ಉಜ್ಜಿದ. ಕೊನೆಗೆ ಅದೇ ಕೆಂಪು ಬಣ್ಣ. ಬೆಸುಗೆ ಎಲ್ಲಿದೆ ಅಂತ ನನ್ನ ಪೊಲೀಸ್ ಕಣ್ಣಿಗೂ ಸಿಗಲಿಲ್ಲ!

ಶನಿವಾರ ದೌಲತರಾಯಗೌಡರು ಬಂದರು. ಕಾರು ನೋಡಿ ಮೀಸೆ ತಿರುವಿದರು. ಸ್ಟೀರಿಂಗ್ ಮುಂದೆ ಕೂತ ತಾಯಿಯನ್ನು ನೋಡಿದರು. ಕೈ ಮೀಸೆಯಲ್ಲೇ ನಿಂತಿತು.

"ಯವ್ವಾ, ಇಳಿ ಕೆಳಗ! ಹೆಣ್ಣಮಗಳು ಗಾಡಿ ಹೊಡದ್ರ ಮಂದಿ ಏನಂತಾರ?"

"ನಿಮ್ಮಪ್ಪ ಹೊಡದಾಗ ಏನಂತಿದ್ರು?"

"ಗಾಳಿ ಅಂತಿದ್ರು!"

"ಆ ಗಾಳಿ ನಾನಽ."

ಎಲ್ಲ ಕೇಳಿದ ಮೇಲೆ ಗೌಡರು ಮೂಲೆಯ ಟೈರಿನ ಮೇಲೆ ಕುಸಿದು ಕೂತರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಯವ್ವಾ... ಗೆಲ್ತೀಯೇನು?"

ಅಪ್ಪನ ಮಾನಕ್ಕಿಂತ ತನ್ನ ಮೀಸೆ ಹತ್ತಿರದ್ದು!

ಭಾನುವಾರ. ರಸ್ತೆಯ ಎರಡೂ ಕಡೆ ಜನ. ಕಸ್ತೂರಿಬಾಯಿ ಪಟಕಾ ಸುತ್ತಲಿಲ್ಲ. ತಲೆಯ ಮೇಲೆ ಸೆರಗು ಅಷ್ಟೇ. ಬಾಜೂಕೆ ನಾನು. ಜೀಪಿನಲ್ಲಿ ಬಸವಂತರಾಯ ಹೊಟ್ಟೆ ಹಿಡಿದು ನಕ್ಕ.

"ದೌಲತರಾಯಗ ಡ್ರೈವರ್ ಸಿಗಲಿಲ್ಲೇನ್ರಿ?"

"ಸಿಕ್ಕಾನಪಾ," ಎಂದರು ಕಸ್ತೂರಿಬಾಯಿ. "ಭಾಳ ತಡಾ ಮಾಡಿ ಸಿಕ್ಕಾನ."

ಹೊರಟಿತು! ಜೀಪು ಮುಂದೆ. ನಾವು ಅದರ ಧೂಳಿನಲ್ಲಿ. ನನ್ನ ಹಲ್ಲುಗಳಲ್ಲಿ ಅರ್ಧ ತಾಲೂಕಿನ ಮಣ್ಣು. ಘತ್ತರಗಿಗೆ ಎರಡು ಮೈಲಿ ಇರುವಾಗ ಬಂತು ತಿರುವು. ಎಡಕ್ಕೆ! ಕತ್ತಿಯಂಥ ತಿರುವು!

ಬಸವಂತರಾಯ ಬ್ರೇಕು ತುಳಿದ. ತಡವಾಗಿತ್ತು. ಜೀಪು ಸೀದಾ ಎರೆಹೊಲಕ್ಕೆ ಇಳಿದು ಆಗಷ್ಟೇ ನೀರು ಹಾಯಿಸಿದ್ದ ಕರಿಮಣ್ಣಿನಲ್ಲಿ ಅಚ್ಚಿನವರೆಗೆ ಹೂತಿತು.

ಕಸ್ತೂರಿಬಾಯಿ ಬ್ರೇಕಿನ ಕಡೆ ನೋಡಲೂ ಇಲ್ಲ. ಗೇರು ಇಳಿಸಿದರು. ಎಡಕ್ಕೆ ತಿರುಗಿಸಿದರು. ಕಾರು ಬಲಕ್ಕೆ ವಾಲಿತು. ನಾನು ಕಣ್ಣು ಮುಚ್ಚಿ ಆ ಕರ್ರ್ ಸದ್ದಿಗೆ ಕಾದೆ.

ಬರಲೇ ಇಲ್ಲ!

ಕಣ್ಣು ತೆರೆದೆ. ಮುದುಕಿ ನಗುತ್ತಿದ್ದರು. ಹದಿನೆಂಟರ ಹುಡುಗಿಯ ನಗು... ಅದನ್ನು ಹೇಗೆ ಹೇಳಲಿ ನಿಮಗೆ? ನನ್ನ ಧಂದೆಯಲ್ಲಿ ಅಂಥ ನಗು ನೋಡಲು ಸಿಗುವುದಿಲ್ಲ.

ಕೆಸರುಗಾಲಲ್ಲಿ ನಡೆದು ಘತ್ತರಗಿಗೆ ಬಂದ ಬಸವಂತರಾಯ ತಕರಾರು ತೆಗೆದ. ಹೆಂಗಸಿನ ಜತೆ ಪಂದ್ಯ ಕಟ್ಟಿರಲಿಲ್ಲ ಅಂದ. ನಾನು ಕ್ಷೌರಿಕನನ್ನು ಮುಂದೆ ನಿಲ್ಲಿಸಿದೆ. ನೂರಾರು ಜನ ನೋಡುತ್ತಿದ್ದರು. ಬಸವಂತರಾಯ ಕುರ್ಚಿಯಲ್ಲಿ ಕೂತ.

ಮರುದಿನ ಬೆಳಿಗ್ಗೆ ಖಾದರಸಾಬನ ಬಾಗಿಲಲ್ಲಿ ಮಣ್ಣು ಮೆತ್ತಿದ ಜೀಪು ನಿಂತಿತ್ತು. ಬೋಳು ತುಟಿಯನ್ನು ಕರವಸ್ತ್ರದಿಂದ ಮುಚ್ಚಿಕೊಂಡು ಬಸವಂತರಾಯ ಹೇಳಿದ, "ನನಗೂ ಛಜ್ಜಾ ಹಚ್ಚು. ಅದಕ್ಕಿಂತ ಅರ್ಧ ಗೇಣು ಅಗಲ ಇರಲಿ."

ಅವನ ಹಿಂದೆ ಎರಡು ಅಂಬಾಸಿಡರ್. ಅವುಗಳ ಹಿಂದೆ ಮೂರು ಟ್ರಾಕ್ಟರು. ಮಳೆಗಾಲದ ಹೊತ್ತಿಗೆ ಆಳಂದದಿಂದ ಜೇವರ್ಗಿಯವರೆಗೆ ಛಜ್ಜಾ ಇಲ್ಲದ ಗಾಡಿ ಗಂಡಸಿನ ಗಾಡಿಯೇ ಅಲ್ಲ ಅನ್ನುವಂತಾಯಿತು!

ಡ್ರೈವಿಂಗ್ ಕಲಿಸಿರಿ ಅಂತ ಕಸ್ತೂರಿಬಾಯಿಯ ಬಾಗಿಲಿಗೆ ಮಾತ್ರ ಒಬ್ಬ ಗಂಡಸೂ ಹೋಗಲಿಲ್ಲ.